ಅಜ್ಜಿಯ ತೊಡೆಯ ಸ್ಕ್ಯಾನಿಂಗ್

ಮೊದಲೇ ಹೇಳಿಬಿಡುತ್ತೇನೆ, ಇದಕ್ಕೆಲ್ಲ ಕಾರಣ ನನ್ನ ಕಪಿಚೇಷ್ಟೆ. ಪಿಯುಸಿಯಲ್ಲಿದ್ದಾಗ ಊರವರ ನಡಿಗೆ, ಕೆಮ್ಮು, ಬೈಗುಳ ಎಲ್ಲ ಅಣಕಿಸಿ ಮುಗಿದಿತ್ತು. ಒಂದು ಸಂಜೆ, ಅಜ್ಜಿ ನೆಲದಿಂದ ಏಳುವುದನ್ನು ಮನೆಯವರೆದುರು ಆಡಿ ತೋರಿಸಿದೆ: ಮೊದಲು ಮಂಡಿಗೆ ಕೈ, ಆಮೇಲೆ ಗೋಡೆಗೆ, ಕೊನೆಗೆ ಶಿವನಿಗೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಜ್ಜಿಯೇ. ಅಪ್ಪ ಮಾತ್ರ ನಗಲಿಲ್ಲ.

“ಯವ್ವಾ, ಹ್ವಾದ ವರ್ಷ ನೀ ಹಿಂಗ ಏಳ್ತಿದ್ದಿಲ್ಲ. ನಾಳಿಂದ ಮಲ್ಲಿಗಿ ತ್ವಾಟಕ್ಕ ಹೋಗಬ್ಯಾಡ. ಅಲ್ಲಿ ಬಿದ್ರ ಎತ್ತೋರ್ಯಾರು?”

ಹಡಗಲಿ ಕಡೆ ಮಲ್ಲಿಗೆ ಬಿಡಿಸುವುದೆಂದರೆ ಗಿಡದಿಂದ ಗಿಡಕ್ಕೆ ಕೂತು ಏಳುವ ಕೆಲಸ. ಅದಿಲ್ಲದಿದ್ದರೆ ಅಜ್ಜಿಗೆ ಬೆಳಗೇ ಆಗುತ್ತಿರಲಿಲ್ಲ.

“ಡಾಕ್ಟ್ರು ಬ್ಯಾಡಂದ್ರ ಬಿಡ್ತೀನಿ. ನೀ ಅಂದ್ರ ಬಿಡಂಗಿಲ್ಲ.”

ಹಡಗಲಿಯ ಡಾಕ್ಟರು ಅವಳ ತೊಡೆ ಹಿಚುಕಿ ನೋಡಿ, ದಾವಣಗೆರೆಯಲ್ಲಿ ಸ್ಕ್ಯಾನಿಂಗ್ ಮಾಡಿಸಲು ಬರೆದುಕೊಟ್ಟರು. ಆಗ ನಮ್ಮ ಕಡೆ ಸ್ಕ್ಯಾನಿಂಗ್ ಎಂದರೆ ಬಸುರಿಯರಿಗೆ ಮಾತ್ರ. ಹರಪನಹಳ್ಳಿಯಲ್ಲಿ ಬಸ್ಸು ಹತ್ತಿದ ಹೆಂಗಸೊಬ್ಬಳು, ನಾವು ಸ್ಕ್ಯಾನಿಂಗಿಗೆ ಹೊರಟಿದ್ದು ಕೇಳಿ, “ಯಾರಿಗೆ?” ಎಂದಾಗ ನಾನು ಗಂಭೀರವಾಗಿ ಅಜ್ಜಿಯತ್ತ ಕೈ ಮಾಡಿದೆ.

“ದಿನ ತುಂಬಿ ಭಾಳ ವರ್ಷ ಆತಬೇ,” ಎಂದಳು ಅಜ್ಜಿ. ಆ ಹೆಂಗಸು ಸೆರಗು ಬಾಯಿಗೆ ಹಿಡಿದು ಕಿಟಕಿಯತ್ತ ತಿರುಗಿದಳು.

ದಾವಣಗೆರೆಯಲ್ಲಿ ದೊಡ್ಡ ಬಳೆಯಂಥ ಯಂತ್ರದೊಳಗೆ ಅಜ್ಜಿ ಮಲಗಿ ಬಂದಳು. ಅಲ್ಲಿಯ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ತೊಡೆಯನ್ನು ಅಡ್ಡ ಕೊಯ್ದಿಟ್ಟಂತಿತ್ತು.

“ನಡುವೆ ಬೆಳ್ಳಗಿರೋದು ಎಲುಬು. ಸುತ್ತ ಬೂದಿ ಬಣ್ಣದ್ದು ಮಾಂಸಖಂಡ. ವಯಸ್ಸಿಗೆ ಅದು ಕರಗೈತಿ, ಆ ಜಾಗಕ್ಕೆ ಈ ಕಪ್ಪು, ಅಂದ್ರೆ ಕೊಬ್ಬು, ಬಂದೈತಿ.”

“ಹಂಗಾರ ತ್ವಾಟ?”

“ಸದ್ಯ ಬ್ಯಾಡ. ಹಂಗಂತ ಕೂತುಬಿಟ್ರೆ ಇನ್ನೂ ಕರಗ್ತತಿ. ದಿನಾ ಕೈ ಊರದೆ ಕುರ್ಚಿಯಿಂದ ಎದ್ದು ಕೂತು ಮಾಡ್ರಿ. ಕಾಳು, ಹಾಲು ತಗೊಳ್ರಿ. ಬಲ ಬಂದಮೇಲೆ ಹೋಗ್ರಿ.”

ಮರುದಿನದಿಂದ ನಾನೇ ಡಾಕ್ಟರು. ಅವರ ದನಿ, ಅವರ ಮೂಗಿನ ತುದಿಯ ಕನ್ನಡಕ, ಎಲ್ಲ ಹಾಕಿಕೊಂಡು “ಏಳ್ರಿ ಅಜ್ಜಿ” ಎನ್ನುತ್ತಿದ್ದೆ. ಮೊದಮೊದಲು ಅರ್ಧಕ್ಕೇ ಕುಸಿಯುತ್ತಿದ್ದಳು. ಹಲ್ಲು ಕಚ್ಚಿ ಮತ್ತೆ ಏಳುತ್ತಿದ್ದಳು. ಜೊತೆಗೆ ಏಳಲು ಹೋಗಿ ನಾನೇ ತೊಡೆ ಹಿಡಿದುಕೊಂಡು ಮೂರು ದಿನ ಕುಂಟಿದೆ. ಆಗ ನನ್ನನ್ನು ಅಣಕಿಸುವ ಸರದಿ ಅವಳದಾಯಿತು. ನನಗಿಂತ ಚೆನ್ನಾಗಿಯೇ ಮಾಡಿದಳು.

ಬೇಸಿಗೆ ಕಾಲಿಟ್ಟಿತು. ಒಂದು ನಸುಕಿನಲ್ಲಿ ಅಜ್ಜಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಏನನ್ನೂ ಹಿಡಿಯದೆ ಎದ್ದು, ಬುಟ್ಟಿ ತೆಗೆದುಕೊಂಡಳು. ಅಪ್ಪ ಬಾಗಿಲಿಗೆ ಅಡ್ಡ ನಿಂತರು.

“ತಡಿಯವ್ವಾ. ಇನ್ನೊಮ್ಮೆ ಸ್ಕ್ಯಾನಿಂಗ್ ಮಾಡ್ಸಾಮು. ಖಂಡ ಬೆಳದೈತಿ ಅಂತ ಫಿಲ್ಮಿನ್ಯಾಗ ಕಂಡಮ್ಯಾಲೆ ಹೋಗು.”

ಅಜ್ಜಿ ಬುಟ್ಟಿಯಿಂದ ಅವರನ್ನು ಪಕ್ಕಕ್ಕೆ ಸರಿಸಿದಳು.

“ನಿನ್ನ ಫಿಲ್ಮು ಬರೋತನಕ ಮೊಗ್ಗು ಅರಳದಂಗ ಕುಂದರ್ತಾವೇನಲೇ?”