ಏಕಾದಶಿಯ ದಿನ ಸಿಗದ ರಕ್ತ

ಅತ್ಯಾ ಕಮಲಾಪುರದ ಬಸ್ಸಿನಿಂದ ಇಳಿದಾಗ ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲವಿತ್ತು.

"ಆಸ್ಪತ್ರಿಗೆ ಹಣ್ಣ ಯಾಕ ಅತ್ಯಾ?"

"ನನ್ನ ತುಂಡು ಅವರ ಹತ್ರ ಎರಡು ವರ್ಷದಿಂದ ಅದ. ಬರಿಗೈಲೆ ಹ್ಯಾಂಗ ಹೋಗ್ಲಿ?"

ಅತ್ಯಾ ನನ್ನ ತಂದೆಯ ತಂಗಿ. ಅವರ ಅಂಗಾಲಿನ ಕಪ್ಪು ಮಚ್ಚೆ ಮೆಲನೋಮಾ, ಅಂದರೆ ಚರ್ಮದ ಕ್ಯಾನ್ಸರ್ ಎಂದು ಗೊತ್ತಾದಾಗ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಅದನ್ನು ಕತ್ತರಿಸಿ ತೆಗೆದಿದ್ದರು. ಅವರ ಸಹಿ ಪಡೆದು, ಆ ಗಡ್ಡೆಯ ಒಂದು ತುಂಡನ್ನು ರೋಗಿಗಳ ಮಾದರಿ ಕಾಯ್ದಿಡುವ ಅಲ್ಲಿನ ಬಯೋಬ್ಯಾಂಕಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದರು. ಆ ತುಂಡಿನ ಜೀನಿನಲ್ಲಿ ಕಂಡ ಬದಲಾವಣೆಯೇ ಅವರ ರೋಗದ ಗುರುತು. ಮೂರು ತಿಂಗಳಿಗೊಮ್ಮೆ ಅವರ ರಕ್ತದಲ್ಲಿ ಅದೇ ಗುರುತನ್ನು ಹುಡುಕುತ್ತಾರೆ. ಹಿಂದಿನ ಸಲ ಅದು ಇದೆಯೋ ಇಲ್ಲವೋ ಎನ್ನುವಷ್ಟು ಮಸುಕಾಗಿತ್ತು. ಈ ಸಲ ಸ್ಪಷ್ಟವಾಗಿ ಕಂಡರೆ ಮತ್ತೆ ಸ್ಕ್ಯಾನ್, ಹೊಸ ಔಷಧಿ. ಅತ್ಯಾಗೆ ಇದೆಲ್ಲ ಗೊತ್ತಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳಿ ಬಂದಿದ್ದರು.

ಆಸ್ಪತ್ರೆಯಲ್ಲಿ ನರ್ಸ್ ಎರಡು ಸಲ ಚುಚ್ಚಿದರು. ರಕ್ತ ಬರಲಿಲ್ಲ.

"ಅಮ್ಮಾರ, ಮುಂಜಾನಿಂದ ನೀರು ಎಷ್ಟು ಕುಡ್ದೀರಿ?"

"ಹನಿ ಇಲ್ರೀ. ಇವತ್ತು ಏಕಾದಶಿ."

ನರ್ಸ್ ನನ್ನತ್ತ ನೋಡಿದರು. ತಾರೀಖು, ವೇಳೆ ಎರಡೆರಡು ಸಲ ಖಾತ್ರಿ ಮಾಡಿಕೊಳ್ಳುವುದು ನಾನು ಕೆಲಸ ಮಾಡುವ ಪತ್ರಿಕಾ ಕಚೇರಿ ಕಲಿಸಿದ ಅಭ್ಯಾಸ. ಮಾಡಿಕೊಂಡಿದ್ದೆ. ಪಂಚಾಂಗ ಮಾತ್ರ ನೋಡಿರಲಿಲ್ಲ.

"ಒಂದು ಗ್ಲಾಸ್ ನೀರು ಕುಡೀರಿ, ಆಮ್ಯಾಗ ನೋಡೋಣು."

"ನಲವತ್ತು ವರ್ಷದಿಂದ ತಪ್ಪಿಲ್ಲ. ನಿಮ್ಮ ಸೂಜಿಗೆ ಅಂಜಿ ಇವತ್ತು ತಪ್ಪಸಬೇಕೇನು? ನಾಳೆ ದ್ವಾದಶಿ. ಊಟ ಮಾಡ್ಕೊಂಡೇ ಬರ್ತೀನಿ."

ಆ ರಾತ್ರಿ ಕಲಬುರಗಿಯ ಗಾಜಿಪುರ ಬಡಾವಣೆಯ ನಮ್ಮ ಮನೆಯಲ್ಲಿ ಅವರು ಸುಖವಾಗಿ ಗೊರಕೆ ಹೊಡೆದರು. ನಿದ್ದೆ ಬಾರದೆ ಕೂತವನು ನಾನು. ಮರುದಿನ ಪಾರಣೆ ಮುಗಿಸಿ ಎರಡು ತಂಬಿಗೆ ನೀರು ಕುಡಿದು ಹೋದಾಗ ಮೊದಲ ಚುಚ್ಚಿಗೇ ರಕ್ತ ಬಂತು. ಹಣ್ಣು ಲ್ಯಾಬಿನೊಳಗೆ ಹೋಗಲಿಲ್ಲ. ಬಾಗಿಲ ಹೊರಗೆ ನಿಂತೇ ಎಲ್ಲರೂ ತಿಂದರು.

ವರದಿ ಬರಲು ಎರಡು ವಾರ ಬೇಕಾಯಿತು. ವೈದ್ಯರು ಅದನ್ನು ಓದಿ, "ಗುರುತು ಸಿಕ್ಕಿಲ್ಲ. ಸದ್ಯಕ್ಕೆ ಔಷಧಿ ಬ್ಯಾಡ. ಪರೀಕ್ಷೆ ಮಾತ್ರ ಬಿಡಬ್ಯಾಡ್ರಿ" ಎಂದರು.

ಅತ್ಯಾ ಕಣ್ಣೊರೆಸಿಕೊಂಡು, "ಹಂಗಾದ್ರ ನನ್ನ ತುಂಡು?" ಎಂದು ಕೇಳಿದರು.

"ಅದು ಇಲ್ಲೇ ಇರ್ತದ್ರಿ. ಮುಂದ ಬೇಕಾಗಬಹುದು."

"ಇರ್ಲಿ ಬಿಡ್ರಿ. ಹಣ್ಣು ತರ್ತಿರ್ತೀನಿ."

ಹೊರಗೆ ನರ್ಸ್ ಮುಂದಿನ ತಾರೀಖು ಬರೆಯುವ ಮೊದಲು ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿ, ಏಕಾದಶಿ ಯಾವತ್ತೆಂದು ಹುಡುಕತೊಡಗಿದರು.