ಜುಲೈ ಇಪ್ಪತ್ತರ ಹಾಳೆ

ಒರೆಗನ್ನಿನ ನಮ್ಮ ಕಣಿವೆಯಲ್ಲಿ ಕೆಜಾಯ ಪ್ರಾಥರ್‌ಳಷ್ಟು ಕಟ್ಟುನಿಟ್ಟಾಗಿ ದಿನಚರಿ ಬರೆದವರು ಇನ್ನೊಬ್ಬರಿಲ್ಲ. ೧೮೫೧ರಲ್ಲಿ ಗಾಡಿ ಕಟ್ಟಿಕೊಂಡು ಬರುವಾಗ ಪ್ರತಿ ಸಂಜೆ ನಡೆದ ಮೈಲಿ, ಹುಲ್ಲು, ಸೌದೆ, ನೀರು, ಎಲ್ಲವನ್ನೂ ಗುರುತು ಹಾಕಿಕೊಂಡಿದ್ದಳು. ಆ ಚಳಿಗಾಲದಲ್ಲಿ ಅದರ ಒಂದು ಪ್ರತಿಯನ್ನು ಓಹಾಯೋದಲ್ಲಿದ್ದ ತಾಯಿಗೆ ಕಳಿಸಿದಳು. ಇಂಥ ದಿನಚರಿಗಳನ್ನು ಭಾನುವಾರ ನೆರೆಯವರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ಪಶ್ಚಿಮಕ್ಕೆ ಹೊರಡುವವರಿಗೆ ಅದೇ ದಾರಿಯ ಪುಸ್ತಕ.

ಪ್ರತಿಯಲ್ಲಿ ಅವಳು ಒಂದೇ ಒಂದು ದಿನವನ್ನು ಬದಲಾಯಿಸಿದ್ದಳು. ಜುಲೈ ಇಪ್ಪತ್ತರಂದು ದಡಕ್ಕೆಲ್ಲ ಬಿಳಿ ಉಪ್ಪು ಹತ್ತಿದ ಒಂದು ಕೊಳದ ಬಳಿ ಅವರು ತಂಗಿದ್ದರು. ಆ ನೀರು ಕುಡಿದು ಎರಡು ಎತ್ತು ಸತ್ತವು. ಮೂರು ವರ್ಷದ ಮಗ ಆಸಾ ಬೆಳಗಿನವರೆಗೂ ಉಳಿಯಲಿಲ್ಲ. ತೋಳಗಳಿಗೆ ಗುರುತು ಸಿಗದಿರಲೆಂದು ಅವನನ್ನು ಗಾಡಿದಾರಿಯಲ್ಲೇ ಹೂತು, ಮೇಲೆ ಗಾಡಿಗಳನ್ನು ಹಾಯಿಸಿದರು. ಇದನ್ನು ತಾಯಿಗೆ ಹೇಗೆ ಬರೆಯುವುದು? ಹುಡುಗ ಊರು ಸೇರಿದ ಮೇಲೆ ಜ್ವರದಿಂದ ಹೋದನೆಂದು ಬೇರೆ ಕಾಗದದಲ್ಲಿ ತಿಳಿಸಿದಳು. ದಿನಚರಿಯ ಪ್ರತಿಯಲ್ಲಿ "ಕೊಳದ ಹತ್ತಿರ ತಂಗಿದೆವು, ನೀರು ಚೆನ್ನಾಗಿದೆ" ಎಂದು ಬರೆದಳು.

ಎರಡು ವರ್ಷದ ನಂತರ, ಜೂನ್ ಎರಡರಂದು, ತಂಗಿ ತಿರ್ಜಾಳ ಕಾಗದ ಹಡಗಿನ ಟಪಾಲಿನಲ್ಲಿ ಬಂತು. ಮಾರ್ಚಿನಲ್ಲಿ ಬರೆದದ್ದು. ಗಂಡ, ಮೂವರು ಮಕ್ಕಳೊಂದಿಗೆ ಏಪ್ರಿಲಿನಲ್ಲಿ ಹೊರಡುತ್ತೇವೆ, ನಿನ್ನ ದಿನಚರಿ ಇದೆಯಲ್ಲ, ನೀನು ತಂಗಿದಲ್ಲೇ ತಂಗುತ್ತೇವೆ ಎಂದಿತ್ತು.

ಕೆಜಾಯ ಲೆಕ್ಕ ಹಾಕಿದಳು. ದಿನಕ್ಕೆ ಹದಿಮೂರು ಮೈಲಿಯಂತೆ ತಂಗಿಯೂ ಹೆಚ್ಚುಕಡಿಮೆ ಜುಲೈ ಇಪ್ಪತ್ತಕ್ಕೇ ಆ ಕೊಳ ಮುಟ್ಟುತ್ತಾಳೆ. ಇಲ್ಲಿಂದ ಒಂಬೈನೂರು ಮೈಲಿ, ಕುದುರೆಗೆ ಮೂವತ್ತಾರು ದಿನ. ಗಂಡ ಲೈಮನ್ ಕೊಡಲಿ ತಾಗಿದ ಕಾಲನ್ನು ಬೆಂಚಿನ ಮೇಲೆ ಚಾಚಿಕೊಂಡು ಕೂತಿದ್ದ. ಪ್ರತಿಯಲ್ಲಿ ತಾನು ಬರೆದದ್ದನ್ನು ಅವನಿಗೆ ಮೊದಲ ಸಲ ಹೇಳಿದಳು.

"ಆಸಾ ಕುಡಿದ ನೀರನ್ನಾ? ಚೆನ್ನಾಗಿದೆ ಅಂದ್ಯಾ?" ಎಂದ ಅವನು.

ಮುದುಕ ಟಾಲಿವರ್ ಪ್ರತಿ ಬೇಸಿಗೆ ಪೂರ್ವಕ್ಕೆ ಹೋಗಿ, ಬರುವವರ ಸೊರಗಿದ ಎತ್ತು ಪಡೆದು ಗಟ್ಟಿ ಎತ್ತು ಕೊಡುವ ವ್ಯಾಪಾರಿ. ಈ ಸಲ ಎತ್ತುಗಳನ್ನು ಆಳುಗಳ ಜೊತೆ ಹಿಂದೆ ಬಿಟ್ಟು, ಕೊಳದವರೆಗೂ ಕುದುರೆಯಲ್ಲಿ ಹೋಗಿ ಬಾ ಎಂದು ಅವನನ್ನು ಬೇಡಿಕೊಂಡಳು.

"ಹೋಗ್ತೀನಮ್ಮಾ. ಆದ್ರೆ ನೀರು ಕೆಟ್ಟಿದೆ ಅಂತ ಎತ್ತಿನ ವ್ಯಾಪಾರಿ ಹೇಳಿದ್ರೆ ಯಾರು ನಂಬ್ತಾರೆ? ನನ್ನ ಮಾತು ನನ್ನ ಕುದುರೆನೇ ನಂಬಲ್ಲ. ಒಂದು ಹಲಗೆ ಬರ್ಕೊಡು, ನೆಟ್ಟು ಬರ್ತೀನಿ."

"ಅಲ್ಲಿ ಹಲಗೆ ಇತ್ತು," ಎಂದಳು ಕೆಜಾಯ. "ನಮ್ಮನ್ನ ನದಿ ಕಡೆ ತಿರುಗಿಸಿ ದಾಟಿಸೋ ಕಾಸು ಕೀಳೋಕೆ ಯಾವನೋ ದೋಣಿಯವನು ಹಾಕಿರೋದು ಅಂತ ನಾವು ಓದಿ ನಕ್ವಿ."

ಅವಳು ಮೂಲ ದಿನಚರಿ ತಂದು, ಜುಲೈ ಇಪ್ಪತ್ತರ ಹಾಳೆಯನ್ನು ಕತ್ತರಿಯಿಂದ ಬಿಡಿಸಿದಳು. ಆಸಾನ ಕೊನೆಯ ರಾತ್ರಿ ಇದ್ದದ್ದು ಅದರಲ್ಲಿ ಮಾತ್ರ. ಅಕ್ಕನ ಅಕ್ಷರವನ್ನು ತಿರ್ಜಾ ನಂಬದೆ ಇರಲಾರಳು. ಟಾಲಿವರ್ ಅದನ್ನು ಎರಡು ಸಲ ಓದಿ, ಮಡಚಿ ಟೋಪಿಯೊಳಗಿಟ್ಟುಕೊಂಡ. ಅವತ್ತು ಮತ್ತೆ ತಮಾಷೆ ಮಾಡಲಿಲ್ಲ.

ಮುಂದಿನ ದಿನಗಳಲ್ಲಿ ಅವಳ ದಿನಚರಿಯಲ್ಲಿ ತಾರೀಖಿನ ಹೊರತು ಏನೂ ಇಲ್ಲ. ಜುಲೈ ಇಪ್ಪತ್ತು ಬಂತು, ಕಳೆಯಿತು. ಲೈಮನ್ ಊಟಕ್ಕೆ ಕರೆದರೆ ಎರಡನೆಯ ಸಲಕ್ಕೆ ಓಗೊಡುತ್ತಿದ್ದಳು. ಆಗಸ್ಟ್ ಕೊನೆಗೆ ಟಾಲಿವರ್ ಬಂದು, ಜುಲೈ ಹದಿನಾಲ್ಕಕ್ಕೇ ಕೊಳ ಮುಟ್ಟಿದೆ, ದಡದಲ್ಲಿ ಗೂಟ ನೆಟ್ಟು ಹಾಳೆಯನ್ನು ಮೊಳೆ ಹೊಡೆದು ಹಚ್ಚಿದೆ, ಕುದುರೆಗೆ ಮೇವಿಲ್ಲದೆ ಕಾಯಲಾಗಲಿಲ್ಲ ಎಂದ. ತಿರ್ಜಾಳ ಗಾಡಿ ಆಗಿನ್ನೂ ಪೂರ್ವಕ್ಕೆ ದೂರದಲ್ಲಿದ್ದದ್ದರಿಂದ ಅವನು ಅದನ್ನು ಕಂಡಿರಲಿಲ್ಲ. ಆರು ದಿನದ ಗಾಳಿಗೆ ಒಂದು ಕಾಗದ ನಿಂತೀತೇ ಎಂದು ಕೆಜಾಯ ಕೇಳಿದಳು. ಅವನಿಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ ಇಪ್ಪತ್ತೆಂಟರಂದು ಗಾಡಿ ಬಂತು. ಕೆಜಾಯ ತಂಗಿಯ ಮುಖ ನೋಡುವ ಮೊದಲು ಮಕ್ಕಳನ್ನು ಎಣಿಸಿದಳು. ಮೂವರೂ ಇದ್ದರು.

ತಿರ್ಜಾ ಹತ್ತಿರ ಬಂದಳು. ಅಪ್ಪಿಕೊಳ್ಳಲಿಲ್ಲ. "ಮಕ್ಕಳು ಕೊಳಕ್ಕೆ ಓಡಿದ್ರು, ಅಕ್ಕಾ. ಹೋಗಿ ಕುಡೀರಿ ಅಂತ ನಾನೇ ಅಂದಿದ್ದೆ, ನಿನ್ನ ಪುಸ್ತಕದಲ್ಲಿ ಇತ್ತಲ್ಲ. ಹಾಳೆ ನೋಡಿದ ಮೇಲೆ ಕೂಗಿ ತಡೆದೆ."

ಕೆಜಾಯ ತಗ್ಗಿದ ದನಿಯಲ್ಲಿ ಹಾಳೆ ತಂದಿದ್ದೀಯಾ ಎಂದು ಕೇಳಿದಳು.

"ಇಲ್ಲ. ನಮ್ಮ ಹಿಂದೆ ಹನ್ನೊಂದು ಗಾಡಿ ಇದ್ವು. ಅಲ್ಲೇ ಬಿಟ್ಟೆ."

"ಮೊಳೆ ಗಟ್ಟಿ ಇತ್ತಾ?" ಎಂದಳು ಕೆಜಾಯ.

"ಒಂದು ಮೂಲೆ ಬಿಟ್ಟಿತ್ತು. ಇನ್ನೊಂದು ಮೊಳೆ ಹೊಡೆದೆ," ಎಂದು ತಿರ್ಜಾ ಅಕ್ಕನ ಕೈ ಹಿಡಿದುಕೊಂಡಳು.