ನಾನು ಜಾಗ ಬದಲಿಸಿದ ಬಾಟಲಿಗಳು

ಆಂಧ್ರದ ಗಡಿಯಲ್ಲಿರುವ ಹಿಂದೂಪುರದ ಡಿಗ್ರಿ ಕಾಲೇಜಿನಲ್ಲಿ ಹನ್ನೊಂದು ವರ್ಷ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಂಡ ಮೇಲೆ ನನಗೆ ಕಲ್ಯಾಣದುರ್ಗಕ್ಕೆ ವರ್ಗವಾಯಿತು. ವಾರವೆಲ್ಲ ಅಲ್ಲೇ ಒಂದು ಬಾಡಿಗೆ ಕೋಣೆ, ಶನಿವಾರ ಸಂಜೆಯ ಬಸ್ಸಿಗೆ ಮನೆ. ಪಾಠ ಮಾಡುವವರು ಬೇರೆ ಇದ್ದರು. ಪ್ರಾಕ್ಟಿಕಲ್ಸ್‌ಗೆ ಬೇಕಾದ್ದನ್ನೆಲ್ಲ ಸಿದ್ಧ ಮಾಡಿಸುವುದು, ತರಗತಿ ನಡೆಯುವಾಗ ಜೊತೆಯಲ್ಲಿದ್ದು ಹುಡುಗರ ನೋಟ್‌ಬುಕ್ ನೋಡಿ ಸಹಿ ಹಾಕುವುದು ನನ್ನ ಕೆಲಸ.

ಲ್ಯಾಬಿನ ಸ್ಟೋರ್ ರೂಮು ಮೊದಲ ದಿನವೇ ನನ್ನ ಕಣ್ಣು ಚುಚ್ಚಿತು. ಯಾವ ಬಾಟಲಿ ಎಲ್ಲಿದೆ, ಯಾಕೆ ಅಲ್ಲಿದೆ ಎನ್ನುವುದಕ್ಕೆ ಲೆಕ್ಕವೇ ಇರಲಿಲ್ಲ. ಹಿಂದೂಪುರದಲ್ಲಿ ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಇಟ್ಟಿದ್ದೆ. ಇಲ್ಲೂ ಹಾಗೇ ಮಾಡಬೇಕು ಅಂದುಕೊಂಡೆ. ಒಂದು ಶುಕ್ರವಾರ ನಮ್ಮ ಅಟೆಂಡರ್ ತಂಗಿಯ ಮಗಳ ಮದುವೆಗೆಂದು ಕಂಬದೂರಿಗೆ ಹೋಗಿದ್ದಳು. ಇಬ್ಬರು ವಿದ್ಯಾರ್ಥಿಗಳನ್ನು ಜೊತೆಗೆ ಹಾಕಿಕೊಂಡು ಎರಡು ದಿನ ಕೂತು ಇಡೀ ಸ್ಟೋರನ್ನು ಜೋಡಿಸಿದೆ. ಆ ಶನಿವಾರ ಊರಿಗೂ ಹೋಗಲಿಲ್ಲ.

ಅಟೆಂಡರ್ ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ. ಅವಳ ಗಂಡ ಇದೇ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವನು. ಅವನು ತೀರಿಕೊಂಡ ಮೇಲೆ ಅವಳಿಗೆ ಆ ಕೆಲಸ ಸಿಕ್ಕಿತ್ತು. ಸ್ಟೋರಿನ ಆಸಿಡ್‌ಗೆ ನೀರು ಬೆರೆಸಿ ಮೇಜುಗಳ ಬಾಟಲಿ ತುಂಬಿಡುವವಳು ಅವಳೇ. ಸೋಮವಾರ ಬಂದವಳಿಗೆ ಸ್ಟೋರ್ ತೋರಿಸಿದೆ.

"ಚೆನ್ನಾಗೈತೆ ಮೇಡಂ," ಅಂದಳು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದಳು, ಬಕೆಟ್ ತೆಗೆದುಕೊಂಡು ಹೋದಳು. ನಾನು ಅದನ್ನು ಮೆಚ್ಚುಗೆ ಎಂದೇ ತಿಳಿದೆ.

ಮಂಗಳವಾರ ಮೊದಲ ವರ್ಷದವರಿಗೆ ಉಪ್ಪಿನ ವಿಶ್ಲೇಷಣೆ. ಬಿಳಿ ಪುಡಿಯೊಂದನ್ನು ಕೊಟ್ಟು ಅದರಲ್ಲೇನಿದೆ ಎಂದು ಕಂಡುಹಿಡಿಯಿರಿ ಎನ್ನುತ್ತೇವೆ. ಆ ದಿನದ ಪುಡಿಯಲ್ಲಿ ಸೀಸವಿತ್ತು. ನೀರಿನಲ್ಲಿ ಕರಗಿಸಿ, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ ತಳದಲ್ಲಿ ಬಿಳಿ ಗಸಿ ಕೂರಬೇಕು. ಪ್ರತಿ ವರ್ಷ ಅದೇ ವಾರ ಅದೇ ಪುಡಿ ಎನ್ನುವುದು ಹಿರಿಯ ವಿದ್ಯಾರ್ಥಿಗಳ ಮೂಲಕ ಎಲ್ಲರಿಗೂ ಗೊತ್ತಿತ್ತು. ಅದು ನನಗೆ ಆಮೇಲೆ ತಿಳಿದದ್ದು.

ಒಬ್ಬೊಬ್ಬರಾಗಿ ನೋಟ್‌ಬುಕ್ ತಂದರು. ಬಿಳಿ ಗಸಿ ಬಂತು, ಸೀಸ ಇದೆ. ಸಹಿ. ಬಿಳಿ ಗಸಿ ಬಂತು, ಸೀಸ ಇದೆ. ಸಹಿ. ಕುಂದುರ್ಪಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಮಾತ್ರ 'ಏನೂ ಬರಲಿಲ್ಲ' ಎಂದು ಬರೆದಿದ್ದಳು. ನಾನು ಕೆಂಪು ಗೆರೆ ಎಳೆದು ಸೊನ್ನೆ ಹಾಕಿದೆ.

"ನಾಕು ರಾಲೇದು ಮೇಡಂ," ನನಗೆ ಬರಲಿಲ್ಲ ಎಂದಳು ತೆಲುಗಿನಲ್ಲಿ.

"ಎಲ್ಲರಿಗೂ ಬಂದಿದೆ, ನಿನಗೊಬ್ಬಳಿಗೆ ಯಾಕೆ ಬರಲಿಲ್ಲ?" ಎಂದು ಕನ್ನಡದಲ್ಲೇ ಕೇಳಿದೆ. ಅವಳ ಮನೆಮಾತು ಕನ್ನಡ ಎಂದು ನನಗೆ ಗೊತ್ತಿತ್ತು.

"ಮೂರು ಸಲ ಮಾಡ್ದೆ ಮೇಡಂ. ಬರ್ದೇ ಇರೋದನ್ನ ಬಂತು ಅಂತ ಎಂಗೆ ಬರೀಲಿ?"

ಮಾತಿನಲ್ಲಿ ಜಗಳವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ನನಗೆ ಸಿಟ್ಟೇ ಬಂತು. ಕೈ ಹೇಗೆ ಆಡಿಸಬೇಕೋ ತೋರಿಸಿಯೇ ಬಿಡೋಣ ಎಂದು ಎದ್ದುಹೋಗಿ ಅವಳ ಮೇಜಿನ ಮೇಲೆ ನಾನೇ ಮಾಡಿದೆ. ನೀರು ತಿಳಿಯಾಗಿಯೇ ಉಳಿಯಿತು. ಪಕ್ಕದ ಮೇಜಿನ ಬಾಟಲಿಯಿಂದ ಆಸಿಡ್ ತಂದು ಹಾಕಿದೆ. ಅದೂ ತಿಳಿಯೇ.

ಬಾಟಲಿಯ ಆಸಿಡ್‌ಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ಪರೀಕ್ಷಿಸಿದೆ. ಹೈಡ್ರೋಕ್ಲೋರಿಕ್ ಆಗಿದ್ದರೆ ಮೊಸರಿನಂತೆ ಬೆಳ್ಳಗಾಗಬೇಕಿತ್ತು. ಆಗಲಿಲ್ಲ. ಎಲ್ಲ ಮೇಜುಗಳ ಬಾಟಲಿಗಳನ್ನೂ ಎತ್ತಿಸಿ, ತರಗತಿ ನಿಲ್ಲಿಸಿ, ಸ್ಟೋರಿಗೆ ಹೋದೆ.

"ಅಕ್ಕ, ನಿನ್ನೆ ಆಸಿಡ್ ಯಾವ ಬಾಟಲಿಂದ ತಗೊಂಡಿರಿ?"

ಅವಳು ಕೈ ತೋರಿಸಿದಳು. ಕೆಳಗಿನ ಸಾಲು, ಕಿಟಕಿ ಕಡೆಯಿಂದ ಮೂರನೆಯದು. ಅದು ಈಗ ನೈಟ್ರಿಕ್ ಆಸಿಡ್. ಒಂದೇ ಕಂಪನಿಯ, ಒಂದೇ ಅಳತೆಯ ಕಂದು ಬಾಟಲಿಗಳು.

"ನಮ್ಮ ಯಜಮಾನ್ರು ಇದ್ದಾಗ್ಲಿಂದ ಮೂರನೇದೇ ಕಣಮ್ಮ. ನಾನು ಇಂಗ್ಲಿಷ್ ಓದಿ ತಗೊಳ್ಳೋಳಲ್ಲ, ಜಾಗ ನೋಡಿ ತಗೊಳ್ಳೋಳು."

"ವಾಸನೆ ಬೇರೆ ಅನ್ನಿಸಲಿಲ್ವಾ?"

"ಅನ್ನುಸ್ತು. ನೀವು ಇಟ್ಟಿರೋದಲ್ವಾ, ಸರಿಯಾಗೇ ಇರ್ತದೆ ಅಂದ್ಕೊಂಡ್ಬುಟ್ಟೆ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಆ ವಾರ ಅವಳು ತುಂಬಿದ್ದು ಅದೊಂದೇ ಆಸಿಡ್, ಅದೂ ನೀರು ಬೆರೆಸಿದ್ದು. ಬೇರೇನಾದರೂ ಆಗಿದ್ದರೆ ಹುಡುಗರಿಗೇ ಅಪಾಯವಾಗುತ್ತಿತ್ತು ಎನಿಸಿತು. ಅದರ ಜೊತೆಗೇ, ಪ್ರಿನ್ಸಿಪಾಲರಿಗೆ ಕೊಡುವ ವರದಿಯಲ್ಲಿ 'ಅಟೆಂಡರ್ ಅಜಾಗ್ರತೆಯಿಂದ' ಎಂದು ಬರೆದರೆ ಯಾರೂ ಪ್ರಶ್ನೆ ಮಾಡುವುದಿಲ್ಲ ಎನ್ನುವುದೂ ಹೊಳೆಯಿತು. ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳಿಗೂ ಅದೇ ಹೊಳೆದಿರಬೇಕು. ಸೆರಗಿನ ತುದಿ ಹಿಡಿದುಕೊಂಡು, ನಾನು ಏನು ಹೇಳುತ್ತೇನೋ ಎಂದು ಕಾಯುತ್ತ ನಿಂತಿದ್ದಳು.

"ನಿಮ್ಮನ್ನ ಕೇಳದೆ ಜಾಗ ಬದಲಿಸಿದ್ದು ನನ್ನ ತಪ್ಪು," ಅಂದೆ. ಪ್ರಿನ್ಸಿಪಾಲರಿಗೂ ಹಾಗೇ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಬರವಣಿಗೆಯಲ್ಲಿ ಕೊಡಿ" ಅಂದರು. ಕೊಟ್ಟೆ. ಒಂದು ಮೆಮೊ ಬಂತು, ಉತ್ತರ ಬರೆದೆ, ಅಲ್ಲಿಗೆ ಮುಗಿಯಿತು.

ತರಗತಿಗೆ ಹಿಂತಿರುಗಿ ನಡೆದದ್ದನ್ನು ಹೇಳಿದೆ. ಆಮೇಲೆ, "ಹಾಗಾದ್ರೆ ನಿಮಗೆಲ್ಲ ಬಿಳಿ ಗಸಿ ಎಲ್ಲಿಂದ ಬಂತು?" ಎಂದು ಕೇಳಿದೆ. ಹಿಂದಿನ ಬೆಂಚಿನ ಒಬ್ಬ, "ಬುಕ್ಕಲ್ಲಿ ಹಂಗೇ ಐತಲ್ಲ ಮೇಡಂ," ಅಂದ. ಬೈಯಬೇಕೆನಿಸಿತು. ಆದರೆ ಅಷ್ಟೂ ನೋಟ್‌ಬುಕ್ಕುಗಳಿಗೆ ಸಹಿ ಹಾಕಿದವಳು ನಾನೇ. ಮುಂದಿನ ವಾರ ಎಲ್ಲರೂ ಮತ್ತೆ ಮಾಡಬೇಕು ಅಂದೆ.

ಕುಂದುರ್ಪಿಯ ಹುಡುಗಿಯ ಸೊನ್ನೆ ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟು ಪಕ್ಕದಲ್ಲಿ ಸಹಿ ಮಾಡಿದೆ. ಅವಳು ಪುಟವನ್ನೇ ನೋಡುತ್ತ, "ಇಷ್ಟು ಗೀಚಿರೋದನ್ನ ನೋಡಿ ಪರೀಕ್ಷೆ ಮಾಡೋಕೆ ಹೊರಗಿಂದ ಬರೋರು ಏನಾದ್ರೂ ಅಂತಾರಾ ಮೇಡಂ?" ಅಂದಳು. ಅವಳ ಚಿಂತೆ ಅದು.

ಅಕ್ಕನಿಗೆ ತೆಲುಗು ಓದಲು ಬರುತ್ತದೆಂದು ಆ ಸಂಜೆಯೇ ನನಗೆ ತಿಳಿದದ್ದು. ಐದನೇ ಕ್ಲಾಸ್ ಓದಿದ್ದಳಂತೆ. ಲೇಬಲ್ಲುಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಅವಳಿಗೆ ಓದಲು ಬರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಇಬ್ಬರೂ ಕೂತು ತೆಲುಗು ಚೀಟಿ ಬರೆದು ಅಂಟಿಸಿದೆವು. ಉದ್ದುದ್ದ ಹೆಸರಿನ ಕೆಳಗೆ ಅವಳು ಹೇಳಿದ ಹೆಸರನ್ನೂ ಬರೆದೆ. ಹೊಗೆ ಬರುವುದು ಪೊಗ ಆಸಿಡ್, ಕೈಗೆ ತಾಗಿದರೆ ಅರಿಸಿನದಂತೆ ಹಳದಿ ಕಲೆ ಬೀಳುವುದು ಪಸುಪು ಆಸಿಡ್, ಎಣ್ಣೆಯಂತೆ ಮಂದವಾಗಿರುವುದು ನೂನೆ ಆಸಿಡ್. ಅಕ್ಷರಗಳ ಕ್ರಮವನ್ನು ಕೈಬಿಡಲಿಲ್ಲ. ಒಂದೊಂದೇ ಬಾಟಲಿ ಮುಟ್ಟಿಸುತ್ತ ಹೊಸ ಜಾಗಗಳನ್ನು ಅವಳಿಂದಲೇ ಹೇಳಿಸಿದೆ. ಮೂರು ಸಂಜೆ ಹಿಡಿಯಿತು.

ಮುಂದಿನ ಮಂಗಳವಾರ ಅದೇ ತರಗತಿಗೆ ಬೇರೆ ಬೇರೆ ಪುಡಿ ಕೊಟ್ಟೆ. ಅರ್ಧ ಗಂಟೆಯಾಗಿತ್ತೋ ಇಲ್ಲವೋ, ಒಬ್ಬ ಟೆಸ್ಟ್ ಟ್ಯೂಬ್ ಹಿಡಿದುಕೊಂಡು ಧೈರ್ಯವಾಗಿ ಬಂದು, "ನಂಗೇನೂ ಬರ್ಲಿಲ್ಲ ಮೇಡಂ," ಅಂದ. ಜೊತೆಗೆ ಹೋಗಿ ನೋಡಿದೆ. ಅವನು ಆಸಿಡ್ ಹಾಕುವುದನ್ನೇ ಮರೆತಿದ್ದ.